ಕಿಗೋಮಾದಿಂದ ಬಂದ ಎಡಗಾಲು

ಟಾಂಗಾ
2 ಮೇ 1989

ತಮ್ಮ ಅತುಮಾನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ. ಮೈಗೆ ಏನೂ ಆಗಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ನಮ್ಮ ನ್ಯೋಟಾ ಫುಟ್‌ಬಾಲ್ ಕ್ಲಬ್ಬು ಮೊದಲ ದರ್ಜೆಯಲ್ಲಿ ಉಳಿದುಕೊಂಡಿತು, ಅದೂ ನಮ್ಮ ಸಾಹಸದಿಂದಲ್ಲ. ನಮಗಿಂತ ಕೆಟ್ಟವರು ಕೊನೆಯ ಪಂದ್ಯದಲ್ಲಿ ಇನ್ನೂ ಕೆಟ್ಟದಾಗಿ ಆಡಿದರು, ಅಷ್ಟೆ. ಮರುದಿನ ಬೆಳಿಗ್ಗೆ ಮಜೆಂಗೊ ಕ್ಲಬ್ಬಿನ ನಾಲ್ಕು ಜನ ನನ್ನ ಅಕ್ಕಿ ಪಡ್ಡಿನ ಅಂಗಡಿಯ ಮುಂದೆ ಬಂದು ನಿಂತರು. "ಮ್ವಾಂಟುಮು ಅಮ್ಮಾ, ಬಿಸಿ ಬಿಸಿ ವಿಟುಂಬುವಾ ಕಟ್ಕೊಡಿ. ನಿಮ್ಮೋರಿಗೆ ಗೋಲು ಹೊಡೆಯೋಕೆ ಬರದಿದ್ರೂ ಅಕ್ಕಿಹಿಟ್ಟು ಹುಯ್ಯೋಕಾದ್ರೂ ಬರುತ್ತಲ್ಲ!" ಎಂದರು. ಎಣ್ಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ ನಕ್ಕೆ. ಆ ನಗು ಹೇಗಿತ್ತೋ ಏನೋ, ಚಿಲ್ಲರೆ ಕೇಳದೆ ಹೊರಟುಹೋದರು.

ಹೋದ ವರ್ಷ ಆಡಳಿತ ಮಂಡಳಿಯವರು ಡಾರ್ ಎಸ್ ಸಲಾಮ್‌ನಿಂದ ತಂದ ಸ್ಟ್ರೈಕರನ್ನು ನಿಲ್ದಾಣದಿಂದ ಮೈದಾನದವರೆಗೆ ಹೆಗಲ ಮೇಲೆ ಹೊತ್ತಿದ್ದೆವು. ಅವನು ಇಡೀ ವರ್ಷ ಓಡಿದ್ದಕ್ಕಿಂತ ನಾವು ಹೊತ್ತ ದೂರವೇ ಹೆಚ್ಚಾಯಿತು. ಈ ಸಲ ಅವರನ್ನು ನಂಬಿ ಕೂರುವುದಿಲ್ಲ ಎಂದು ನಮ್ಮ ಅಭಿಮಾನಿ ಶಾಖೆಯ ಕಾಫಿ ಕಟ್ಟೆಯಲ್ಲಿ ತೀರ್ಮಾನವಾಗಿದೆ. ಸ್ಟ್ರೈಕರನ್ನು ಅಭಿಮಾನಿಗಳಾದ ನಾವೇ ಹುಡುಕಿ, ನೋಂದಣಿಯ ದಿನ ಮಂಡಳಿಯವರ ಮುಂದೆ ತಂದು ನಿಲ್ಲಿಸುತ್ತೇವೆ. ಶಾಖೆಯ ಅಧ್ಯಕ್ಷರಾದ ಶೆಮ್ವೇಟಾ ಅಜ್ಜ ನನ್ನ ಕಡೆ ತಿರುಗಿ, "ಕಿಗೋಮಾದಲ್ಲಿ ಮೇಕೆನೂ ಎಡಗಾಲಲ್ಲಿ ಒದೆಯುತ್ತಂತೆ ಕಣಮ್ಮಾ. ನಿನ್ನ ತಮ್ಮ ಅಲ್ಲೇ ರೈಲ್ವೇಲಿ ಇದಾನಲ್ಲ, ಬರೆದು ಕೇಳು" ಎಂದರು. "ಆ ರೈಲ್ವೆ ಗುಮಾಸ್ತನಿಗೆ ಆಟ ಏನ್ ಗೊತ್ತು?" ಎಂದು ಹಿಂದಿನಿಂದ ಯಾರೋ ಕೇಳಿದರು. ಅವರೆಲ್ಲ ಹೊಸಬರು. ನೀನು ಇದೇ ಕ್ಲಬ್ಬಿನ ಅಂಗಿ ತೊಟ್ಟು ಆಡಿದ್ದು ಅವರಿಗೆ ತಿಳಿಯದು. ನಾನೂ ಹೇಳಲಿಲ್ಲ, ನಿನಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು.

ಹೊಗಳುವುದರಲ್ಲಿ ನೀನು ಹುಟ್ಟು ಜಿಪುಣ. ಅದಕ್ಕೇ ಕೇಳುತ್ತಿದ್ದೇನೆ. ನೀನು "ಪರವಾಗಿಲ್ಲ" ಎಂದರೆ ನಮಗೆ ಸಾಕು. ರಿಜಿಕಿ ಹೇಗಿದ್ದಾಳೆ? ತಾಯಿಯಿಲ್ಲದ ಮಗಳು, ಮದುವೆಯ ಯೋಚನೆ ಮಾಡು ಎಂದು ಎಷ್ಟು ಸಲ ಬರೆಯಲಿ?

ನಿನ್ನ ಅಕ್ಕ
ಮ್ವಾಂಟುಮು


ಕಿಗೋಮಾ
16 ಮೇ 1989

ಅಕ್ಕಾ,

ಕಾಗದ ತಲುಪಿತು. ತಡ ಮಾಡದೆ ಬರೆಯುತ್ತಿದ್ದೇನೆ. ನಿಮಗೆ ಬೇಕಾದವನು ಇಲ್ಲಿದ್ದಾನೆ. ಹೆಸರು ಇದ್ರಿಸಾ ಕಬ್ವೆ. ಬೆಳಿಗ್ಗೆ ಸರೋವರದ ಕಿಬಿರಿಜಿ ದಡದಲ್ಲಿ ದೋಣಿಗಳಿಂದ ಮೀನಿನ ಬುಟ್ಟಿ ಇಳಿಸುತ್ತಾನೆ, ಸಂಜೆ ನಮ್ಮ ಮನೆ ಹಿಂದಿನ ರೈಲ್ವೆ ಮೈದಾನದಲ್ಲಿ ಆಡುತ್ತಾನೆ. ಎರಡು ವರ್ಷದಿಂದ ಬೇಲಿಯ ಈಚೆ ನಿಂತು ನೋಡುತ್ತಿದ್ದೇನೆ. ಅಂಥ ಎಡಗಾಲನ್ನು ನಾನು ಬೇರೆಲ್ಲೂ ನೋಡಿಲ್ಲ. ಓಡುತ್ತಾ ಓಡುತ್ತಾ ತಲೆಯೆತ್ತದೆ ಒದ್ದರೂ ಚೆಂಡು ಅವನು ನೆನೆದಲ್ಲಿಗೇ ಹೋಗಿ ಬೀಳುತ್ತದೆ. ಆದರೂ ನಮ್ಮ ಅಂಗಳಕ್ಕೆ ಚೆಂಡು ಬೀಳದ ಸಂಜೆಯಿಲ್ಲ, ಅವನೇ ಬಂದು ಎತ್ತಿಕೊಂಡು ಹೋಗುತ್ತಾನೆ. ಅದೊಂದೇ ಅವನ ದೋಷ.

ಎರಡು ಮಾತು ನೆನಪಿಡು. ಒಂದು ವರ್ಷಕ್ಕೆ ಸಹಿ ಮಾಡಿಸಬೇಡಿ, ಮೂರು ವರ್ಷಕ್ಕೆ ಮಾಡಿಸಿ. ನಡುವೆ ಊರಿಗೆ ರಜೆ ಕೊಡಲೇಬೇಡಿ. ಊರಿಗೆ ಹೋಗಿ ಬಂದ ಆಟಗಾರ ಕೆಟ್ಟನೆಂದೇ ಲೆಕ್ಕ. ಅವನನ್ನು ಒಪ್ಪಿಸುವ ಕೆಲಸ ನನಗೆ ಬಿಡು. ನಾನೇ ನಿಂತು ರೈಲು ಹತ್ತಿಸುತ್ತೇನೆ.

ರಿಜಿಕಿ ಚೆನ್ನಾಗಿದ್ದಾಳೆ. ಅಂಚೆ ಕಚೇರಿಯ ಟೆಲಿಫೋನ್ ಬೋರ್ಡಿನಲ್ಲಿ ಕೆಲಸ ಮಾಡುತ್ತಾಳೆ, ಮನೆಗೆ ಬಂದು ಉಗಾಲಿ ಮುದ್ದೆ ಸೀಯಿಸುತ್ತಾಳೆ. ಅತ್ತೆಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ. "ಎಲ್ಲಾ ನೀನೇ ಬರೆದಿದೀಯಲ್ಲಪ್ಪ, ಇನ್ನೇನಿದೆ ನನ್ನದು?" ಎಂದಳು. ಆ ವಯಸ್ಸೇ ಹಾಗೆ.

ಅತುಮಾನಿ


ಟಾಂಗಾ
4 ಜೂನ್ 1989

ತಮ್ಮಾ,

ನಿನ್ನ ಕಾಗದವನ್ನು ಕಟ್ಟೆಯಲ್ಲಿ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿದಾಗ ಕಾಫಿ ಹುಯ್ಯುವವನು ಲೋಟ ತುಂಬಿ ಹರಿದರೂ ಹುಯ್ಯುತ್ತಲೇ ಇದ್ದ.

ಇದ್ರಿಸಾ ಬಂದ. ಅವನನ್ನು ಬಸ್ ನಿಲ್ದಾಣದಿಂದ ತಂದ ಕಥೆ ಕೇಳು. ಮಜೆಂಗೊದವರಿಗೆ ವಾಸನೆ ಹತ್ತಿತ್ತು, ನಿಲ್ದಾಣದ ಎರಡೂ ಬಾಗಿಲಲ್ಲಿ ಅವರ ಜನ. ಹೋದ ವರ್ಷ ನಮ್ಮ ಗೋಲ್‌ಕೀಪರನ್ನು ಹೀಗೇ ಅರ್ಧ ದಾರಿಯಲ್ಲಿ ಎತ್ತಿಕೊಂಡು ಹೋಗಿ, ನೋಂದಣಿ ಮುಗಿಯುವವರೆಗೂ ತೆಂಗಿನ ತೋಟದಲ್ಲಿ ಬಚ್ಚಿಟ್ಟಿದ್ದರು. (ಅದಕ್ಕೂ ಹಿಂದಿನ ವರ್ಷ ಅವರ ಬ್ಯಾಕ್ ಆಟಗಾರನನ್ನು ನಾವು ಬಚ್ಚಿಟ್ಟಿದ್ದೆವು, ಆ ಮಾತು ಬಿಡು.) ಹಾಗಾಗಿ ನಾನು ನನ್ನ ಬುರ್ಖಾ ತೆಗೆದುಕೊಂಡು ಹೋಗಿ ಬಸ್ಸಿನೊಳಗೇ ಅವನಿಗೆ ತೊಡಿಸಿದೆ. ಶೆಮ್ವೇಟಾ ಅಜ್ಜ ಕೈಹಿಡಿದು ಇಳಿಸಿದರು. ಮಜೆಂಗೊದವನೊಬ್ಬ ದಾರಿ ಬಿಟ್ಟು, "ಅಜ್ಜಾ, ಸೊಸೇನಾ? ಒಳ್ಳೆ ಎತ್ತರ ಇದಾಳಲ್ಲ!" ಎಂದ. "ಊರ ಕಡೆ ಹಾಲು ಮೊಸರು ಜಾಸ್ತಿ ಕಣೋ" ಎಂದರು ಅಜ್ಜ.

ಈಗ ಅವನು ನನ್ನ ಒಳಕೋಣೆಯಲ್ಲಿದ್ದಾನೆ. ಜುಲೈ ಒಂದಕ್ಕೆ ನೋಂದಣಿ ಮುಗಿಯುತ್ತದೆ, ಅಲ್ಲಿಯವರೆಗೆ ಹೊಸ್ತಿಲು ದಾಟಿಸುವ ಹಾಗಿಲ್ಲ. ಬಾಗಿಲಿಗೆ ಶಾಖೆಯವರು ಸರದಿಯಲ್ಲಿ ಕೂರುತ್ತಾರೆ. ದಿನಾ ಒಬ್ಬರಲ್ಲ ಒಬ್ಬರು ಬಂದು ಅವನ ಮೀನಖಂಡ ಮುಟ್ಟಿ ನೋಡುತ್ತಾರೆ, ಸಂತೆಯಲ್ಲಿ ಹೋರಿ ನೋಡಿದ ಹಾಗೆ. ಅವನು ಕಾಲು ಚಾಚಿ ಸುಮ್ಮನೆ ಕೂತಿರುತ್ತಾನೆ. ಆ ಸುಮ್ಮನಿರುವುದೇ ನನಗೆ ಹಿಡಿಸುತ್ತಿಲ್ಲ. ಏನು ಮಾಡಿಕೊಟ್ಟರೂ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ. ಸಹಿ ಮಾಡುತ್ತೀಯೇನಪ್ಪ ಎಂದರೆ "ನೋಡೋಣ ಅಮ್ಮಾ" ಎನ್ನುತ್ತಾನೆ. ನೋಡೋಣ ಎಂದರೇನು? ಕಟ್ಟೆಯಲ್ಲಿ ಈಗಲೇ ಎರಡು ಪಂಗಡವಾಗಿದೆ. ಇವನೇ ನಮ್ಮನ್ನು ಕಾಯುವವನು ಎಂದು ಅರ್ಧ ಜನ, ಇವನೂ ಡಾರ್‌ನವನ ತಮ್ಮನೇ ಎಂದು ಉಳಿದರ್ಧ. ನಿನ್ನ ಮಾತಿನ ಮೇಲೆ ನಾನು ಜಾಮೀನು ನಿಂತಿದ್ದೇನೆ. ಇವನು ಕೈಕೊಟ್ಟರೆ ನಾನು ಅಂಗಡಿ ಬಾಗಿಲು ತೆರೆಯುವ ಹಾಗಿಲ್ಲ.

ಇನ್ನೊಂದು ವಿಷಯ. ಶುಕ್ರವಾರ ಕಾವಲಿನವರೆಲ್ಲ ಮಸೀದಿಗೆ ಹೋಗಿದ್ದರು, ನಾನು ಅಂಗಡಿಯಲ್ಲಿದ್ದೆ. ಸಂಜೆ ನೋಡಿದರೆ ನನ್ನ ಬುರ್ಖಾದ ಅಂಚಿಗೆ ಬೀದಿ ಮಣ್ಣು. ನನಗೇಕೋ ದಿಗಿಲು. ಮಜೆಂಗೊದವರು ಅವನ ಜೊತೆ ಮಾತು ಶುರು ಮಾಡಿದ್ದಾರೆಯೇ?

ಮ್ವಾಂಟುಮು


ಕಿಗೋಮಾ
17 ಜೂನ್ 1989

ಅಕ್ಕಾ,

ಖಂಡಿತ ಮಜೆಂಗೊದವರೇ. ಇಲ್ಲಿಗೂ ಅವರ ಕಡೆಯವರು ಇಬ್ಬರು ಬಂದು ಅವನ ವಿಚಾರ ಕೇಳಿಕೊಂಡು ಹೋದರು. ಬುರ್ಖಾ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು. ಶುಕ್ರವಾರವೂ ಒಬ್ಬ ಕಾವಲು ಇರಲಿ. ಊಟ ಬಿಟ್ಟರೆ ಬಿಡಲಿ, ಹಸಿದಾಗ ತಿನ್ನುತ್ತಾನೆ. ಅವನಿಂದ ಕಾಗದ, ತಂತಿ, ಯಾವುದೂ ಈ ಕಡೆ ಬರದಂತೆ ನೋಡಿಕೋ. ಮೂರು ವರ್ಷ ದೂರವಿದ್ದರೆ ಎಲ್ಲ ಮರೆಯುತ್ತದೆ. ಊರಿನ ಚಿಂತೆಯ ಮಾತು ನಾನು ಹೇಳಿದ್ದು.

ನೀನು ಜಾಮೀನು ನಿಂತದ್ದು ಓದಿ ಬೇಸರವಾಯಿತು. ಆದರೆ ಆಟದ ವಿಷಯದಲ್ಲಿ ನಾನು ಒಂದು ಅಕ್ಷರವೂ ಸುಳ್ಳು ಬರೆದಿಲ್ಲ.

ರಿಜಿಕಿ ನನ್ನೊಂದಿಗೆ ಮಾತಾಡುವುದನ್ನು ನಿಲ್ಲಿಸಿದ್ದಾಳೆ. ಆದರೆ ಶುಕ್ರವಾರಗಳಂದು ಮಾತ್ರ ಕೆಲಸದಿಂದ ಹಾಡಿಕೊಂಡು ಬರುತ್ತಾಳೆ. ಈ ಹೆಣ್ಣುಮಕ್ಕಳ ಸ್ವಭಾವ ನನಗೆ ಅರ್ಥವಾಗುವುದಿಲ್ಲ.

ಅತುಮಾನಿ


ಟಾಂಗಾ
2 ಜುಲೈ 1989

ಅತುಮಾನೀ,

ಕೂತುಕೊಂಡು ಓದು.

ನಿನ್ನ ಕಾಗದ ಬಂದ ಮೇಲೆ ಬುರ್ಖಾಗೆ ಬೀಗ ಹಾಕಲಿಲ್ಲ. ಕಳ್ಳನನ್ನು ಹಿಡಿಯಬೇಕಾದರೆ ಬಾಗಿಲು ತೆರೆದೇ ಇಡಬೇಕು. ಮೊನ್ನೆ ಶುಕ್ರವಾರ, ನೋಂದಣಿಗೆ ಇನ್ನೊಂದೇ ದಿನ ಉಳಿದಿತ್ತು, ಅಂಗಡಿಗೆ ಹೋಗುತ್ತೇನೆಂದು ಹೇಳಿ ಎದುರು ಮನೆಯ ಜಗಲಿಯಲ್ಲಿ ಅಡಗಿ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಬುರ್ಖಾ ನನ್ನ ಮುಂದೆಯೇ ನಡೆದುಹೋಯಿತು. ಅದೂ ಸೆಂಟರ್ ಫಾರ್ವರ್ಡ್ ನಡಿಗೆ! ಹಿಂದೆಯೇ ಹೋದೆ. ಇನ್ನೇನು ಮಜೆಂಗೊ ಕಚೇರಿಯ ಕಡೆ ತಿರುಗುತ್ತದೆ ಎಂದುಕೊಂಡೆ. ಅದು ಸೀದಾ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಸರದಿಯಲ್ಲಿ ನಿಂತಿತು.

ಶಾಖೆಯವರು ಸೋಡಾ ಕುಡಿ ಎಂದು ಕೊಟ್ಟ ಕಾಸನ್ನೆಲ್ಲ ಅವನು ಅಲ್ಲಿ ಸುರಿಯುತ್ತಿದ್ದ. ಟ್ರಂಕ್ ಕಾಲಿನಲ್ಲಿ ಕೂಗದೆ ಕೇಳಿಸುವುದಿಲ್ಲವಲ್ಲ, ಬುರ್ಖಾದೊಳಗಿಂದ ಗಂಡುಧ್ವನಿ: "ತಿಂತಿದೀನಿ! ತಿಂತಿದೀನಿ ಅಂದೆ! ಇಲ್ಲಾ, ಸಹಿ ಹಾಕಲ್ಲ! ಮೂರು ವರ್ಷ ಅಂತಾರೆ, ರಜೆ ಇಲ್ವಂತೆ! ಅಷ್ಟರಲ್ಲಿ ನಿಮ್ಮಪ್ಪ ನಿನ್ನ ಯಾರಿಗೋ ಕೊಟ್ಬಿಡ್ತಾರೆ!" ಸರದಿಯಲ್ಲಿದ್ದ ಮುದುಕಿಯೊಬ್ಬಳು "ಪಾಪ, ಈ ಹೆಣ್ಣಿಗೆ ಗಂಟಲು ಕಟ್ಟಿದೆ" ಎಂದಳು. ಅಷ್ಟರಲ್ಲಿ ಅವನು "ರಿಜಿಕೀ, ಕೇಳಿಸ್ತಾ?" ಎಂದ.

ನಾನು ಫೋನು ಕಿತ್ತುಕೊಂಡೆ. "ಯಾವ ರಿಜಿಕಿಯೇ ನೀನು?"

ಆ ಕಡೆಯಿಂದ ಸಣ್ಣ ದನಿ, "ಅತ್ತೇ?"

ಆಗ ನನಗೆ ಎಲ್ಲ ಒಂದೊಂದಾಗಿ ತಿಳಿಯಿತು. ದಿನಾ ಸಂಜೆ ಅಂಗಳಕ್ಕೇ ಬೀಳುವ ಚೆಂಡು. ಸೀದ ಉಗಾಲಿ. ರಜೆ ಕೊಡಬೇಡಿ ಎಂಬ ನಿನ್ನ ಕಾಳಜಿ. ಎಲಾ ತಮ್ಮಾ, ಮಗಳಿಂದ ದೂರ ಮಾಡುವುದಕ್ಕೆ ಅವನನ್ನು ನನ್ನ ಮನೆಗೇ ಕಳಿಸಿದೆಯಾ? ಕ್ಲಬ್ಬಿಗೆ ಸ್ಟ್ರೈಕರ್ ಸಿಕ್ಕ ಹಾಗೂ ಆಯಿತು, ನಿನ್ನ ಅಂಗಳ ಖಾಲಿಯಾದ ಹಾಗೂ ಆಯಿತು. ನಾನು ಊರಿಗೆಲ್ಲ ಜಾಮೀನು ನಿಂತದ್ದು ಈ ಚಂದಕ್ಕೆ!

ಇದ್ರಿಸಾ ಮುಸುಕು ಎತ್ತಿ, "ಅಮ್ಮಾ, ನಿಮ್ಮ ಅನ್ನ ತಿಂದಿದೀನಿ, ಸುಳ್ಳು ಹೇಳಲ್ಲ. ನಾಳೆ ಬಸ್ಸಿಗೆ ಹೊರಟೆ" ಎಂದ. ಒಂದು ದಿನ ಉಳಿದಿತ್ತು, ಅತುಮಾನಿ. ನಮ್ಮಲ್ಲಿ ಹುಡುಗಿಯ ಮದುವೆ ಮಾತು ಶುರುವಾಗುವುದು ಸೋದರತ್ತೆಯ ಬಾಯಿಂದ. ಅದು ನಿನ್ನ ಹಕ್ಕಲ್ಲ, ನನ್ನದು. ಸರದಿಯವರೆಲ್ಲ ಕೇಳುವ ಹಾಗೆ ಫೋನಿನಲ್ಲೇ ಕೂಗಿ ಹೇಳಿದೆ: "ರಿಜಿಕಿ, ಈ ಹುಡುಗನಿಗೆ ನಿನ್ನನ್ನು ಕೊಟ್ಟೆ!" ಜನ ಚಪ್ಪಾಳೆ ಹೊಡೆದರು.

ನಿನ್ನೆ ಬೆಳಿಗ್ಗೆ ಅವನು ಸಹಿ ಮಾಡಿದ. ಅಧ್ಯಕ್ಷರೂ ಇನ್ನಿಬ್ಬರು ಹಿರಿಯರೂ ಹೆಣ್ಣು ಕೇಳಲು ನಿಮ್ಮಲ್ಲಿಗೆ ಬರುತ್ತಾರೆ. ಇಷ್ಟೆಲ್ಲ ಮಾಡಿ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಆ ಮಾತು ಕೊಟ್ಟದ್ದು ಹುಡುಗಿಗಾಗಿಯೋ ಕ್ಲಬ್ಬಿಗಾಗಿಯೋ ಎಂದು ನನಗೇ ತಿಳಿಯುತ್ತಿಲ್ಲ.

ಮ್ವಾಂಟುಮು


ಕಿಗೋಮಾ
12 ಜುಲೈ 1989

ಅಕ್ಕಾ,

ಯಾರನ್ನು ಕೇಳಿ ಮಾತು ಕೊಟ್ಟೆ? ಒಬ್ಬ ಸ್ಟ್ರೈಕರ್‌ಗಾಗಿ ನನ್ನ ಮಗಳನ್ನು ಕೊಟ್ಟೆಯಾ? ಹಿರಿಯರಿಗೆ ಬರಬೇಡಿ ಎಂದು ಹೇಳು. ಬಾಗಿಲು ತೆರೆಯುವುದಿಲ್ಲ.

ಹೌದು, ಅವನನ್ನು ದೂರ ಮಾಡಲೆಂದೇ ಕಳಿಸಿದೆ. ಮಜೆಂಗೊದವರು ಯಾರೂ ಇಲ್ಲಿಗೆ ಬಂದಿರಲಿಲ್ಲ, ಅದೂ ಸುಳ್ಳೇ. ಹುಡುಗ ಕೆಟ್ಟವನಲ್ಲ, ಬಡವ ಎಂದೂ ಅಲ್ಲ. ಅವನು ಆಟಗಾರ, ಅದಕ್ಕೆ. ನನ್ನನ್ನೂ ಒಂದು ದಿನ ನಿಲ್ದಾಣದಿಂದ ಹೆಗಲ ಮೇಲೆ ಹೊತ್ತು ತಂದಿರಿ. ಹದಿನಾಲ್ಕನೇ ಪಂದ್ಯದಲ್ಲಿ ಮಂಡಿ ಹೋಯಿತು. ಆಸ್ಪತ್ರೆಗೆ ಮೊದಲ ವಾರ ಜನವೋ ಜನ. ಎರಡನೇ ವಾರ ಹೊಸ ವಿಂಗರ್ ಬಂದ ಎಂದು ಎಲ್ಲರೂ ನಿಲ್ದಾಣಕ್ಕೆ ಓಡಿದರು, ಡೋಲಿನ ಸದ್ದು ನನ್ನ ಮಂಚದವರೆಗೂ ಕೇಳುತ್ತಿತ್ತು. ಕೋಲೂರಿಕೊಂಡು ರೈಲು ಹತ್ತಿದ ದಿನ ನೀನೊಬ್ಬಳೇ ಬುತ್ತಿ ಹಿಡಿದು ಬಂದೆ. ಈಗ ಶೆಮ್ವೇಟಾ ಅಜ್ಜನಿಗೆ ನಾನು ರೈಲ್ವೆಯವನು!

ನನ್ನ ಮಗಳು ಪ್ರತಿ ಭಾನುವಾರ ಯಾರದೋ ಮಂಡಿಯನ್ನು ನೆನೆದು ನಡುಗುವುದು ನನಗೆ ಬೇಡ. ಇದನ್ನು ನೀನಾದರೂ ಅರ್ಥ ಮಾಡಿಕೊಳ್ಳುತ್ತೀ ಎಂದುಕೊಂಡಿದ್ದೆ.

ಅತುಮಾನಿ


ಟಾಂಗಾ
22 ಜುಲೈ 1989

ತಮ್ಮಾ,

ಹಿರಿಯರು ನಿನ್ನೆಯೇ ಹೊರಟರು, ನಿನ್ನ ಕಾಗದ ಇವತ್ತು ಬಂತು. ಬೈಯುವುದಿದ್ದರೆ ಬೈ, ಆದರೆ ಮೊದಲು ಊಟಕ್ಕೆ ಹಾಕು, ಅಜ್ಜನಿಗೆ ಎಪ್ಪತ್ತಾಯಿತು.

ನೀನು ಆವತ್ತು ಬೋಗಿಯ ಕಿಟಕಿಯಿಂದ ಆಚೆ ನೋಡಲಿಲ್ಲ. ರೈಲು ಹೋದ ಮೇಲೆ ನಾನು ಅಲ್ಲೇ ಕೂತು ಅತ್ತೆ. ಆದರೂ ಮುಂದಿನ ಭಾನುವಾರ ಮೈದಾನಕ್ಕೆ ಹೋಗಿ ಆ ಹೊಸ ವಿಂಗರ್‌ಗೆ ಗಂಟಲು ಹರಿಯುವಂತೆ ಕೂಗಿದೆ. ಅಭಿಮಾನಿ ಎಂದರೆ ಇಷ್ಟೇ ಕಣೋ, ನಾಚಿಕೆಗೆಟ್ಟ ಜಾತಿ. ನಿನ್ನ ಕಾಗದವನ್ನು ಕಟ್ಟೆಯಲ್ಲಿ ಓದಲಿಲ್ಲ. ಇದ್ರಿಸಾನಿಗೆ ಮಾತ್ರ ಓದಿ ಹೇಳಿದೆ. ಅವನು ಬಹಳ ಹೊತ್ತು ತನ್ನ ಕಾಲು ನೋಡಿಕೊಂಡು ಕೂತಿದ್ದ.

ಮ್ವಾಂಟುಮು


ಕಿಗೋಮಾ
4 ಸೆಪ್ಟೆಂಬರ್ 1989

ಅಕ್ಕಾ,

ಮದುವೆಯ ಗಲಾಟೆಯಲ್ಲಿ ಬರೆಯಲಾಗಲಿಲ್ಲ. ನೀನು ಬರಲಿಲ್ಲವೆಂಬ ಸಿಟ್ಟೂ ಇತ್ತು. ನೀನು ಅಂಗಡಿಯ ನೆಪ ಹೇಳಿದೆ, ನನ್ನ ಮುಖ ನೋಡಲು ಹೆದರಿದೆ ಎಂದು ನನಗೆ ಗೊತ್ತು.

ಹಿರಿಯರು ಬಂದ ದಿನ ಹೇಳಿದಂತೆ ಬಾಗಿಲು ತೆರೆಯಲಿಲ್ಲ. ರಿಜಿಕಿ ತೆರೆದಳು. ಅಜ್ಜ ಚಾಪೆಯ ಮೇಲೆ ಊಟಕ್ಕೆ ಕೂತು, ಕ್ಲಬ್ಬಿನ ಪರವಾಗಿ ಕೇಳುತ್ತಿದ್ದೇವೆ ಎಂದು ಶುರು ಮಾಡಿದರು. ಇಂಥ ಹೊತ್ತಿನಲ್ಲಿ ಹುಡುಗಿ ತಲೆ ತಗ್ಗಿಸಿ ಸುಮ್ಮನಿರಬೇಕಲ್ಲ, ಇವಳು ಅಡುಗೆಮನೆಯಿಂದ ಬಂದು ನಿಂತಳು. "ಅಜ್ಜಾ, ನನ್ನ ಕೇಳ್ತಿರೋದು ಇದ್ರಿಸಾನಾ, ಕ್ಲಬ್ಬಾ? ಕ್ಲಬ್ಬಾದ್ರೆ ಬೇರೆ ಯಾರ್ನಾದ್ರೂ ನೋಂದಣಿ ಮಾಡ್ಕೊಳ್ಳಿ. ಇದ್ರಿಸಾ ಆದ್ರೆ ಅವನೇ ಬಂದು ಕೇಳ್ಲಿ" ಎಂದಳು. ಅಜ್ಜನ ಕೈಯಲ್ಲಿದ್ದ ಮೀನು ತಟ್ಟೆಗೆ ಬಿತ್ತು.

ನನಗೆ ಒಳಗೊಳಗೇ ಖುಷಿಯಾಯಿತು, ಮಗಳು ನನ್ನ ಕಡೆ ಎಂದುಕೊಂಡೆ. ಅವರು ಹೋದ ಮೇಲೆ ಅವಳಿಗೆ ನನ್ನ ಮಂಡಿಯ ಕಥೆ ಪೂರ್ತಿ ಹೇಳಿದೆ. ಕೇಳಿ ಮುಗಿಸಿ ಅಂದಳು: "ಅಪ್ಪಾ, ನೀನೂ ಅವರ ಹಾಗೇ ಕಾಲನ್ನೇ ನೋಡ್ತಿದೀಯ. ನಾನು ಕಾಲು ನೋಡಿ ಒಪ್ಪಿದ್ದಲ್ಲ. ಅಮ್ಮ ನಿನ್ನ ಮದುವೆಯಾದಾಗ ನೀನು ಕೋಲು ಹಿಡ್ಕೊಂಡಿರ್ಲಿಲ್ವಾ? ಅವಳೇನು ನಡುಗ್ತಾ ಕೂತಿದ್ಲಾ?" ನಿಜ, ಅಕ್ಕಾ. ಅವಳ ತಾಯಿ ಕುಂಟನನ್ನೇ ಕಟ್ಟಿಕೊಂಡು, ನಕ್ಕು ನಗಿಸಿ, ಹನ್ನೊಂದು ವರ್ಷ ಬಾಳಿದಳು. ನಾನು ಅದನ್ನು ಮರೆತು ಹದಿನಾಲ್ಕು ಪಂದ್ಯಗಳನ್ನು ಮಾತ್ರ ನೆನಪಿಟ್ಟಿದ್ದೆ.

ಹುಡುಗ ಬಂದ. ದಾರಿಯಲ್ಲಿ ಮಜೆಂಗೊದವರು ಎತ್ತಿಕೊಂಡು ಹೋದಾರೆಂದು ಅಕ್ಕಪಕ್ಕ ಇಬ್ಬರು ಕಾವಲು! ಮದುಮಗನ ಕೋಣೆಯ ಬಾಗಿಲಲ್ಲೂ ಕೂರಲು ಬಂದರು, ಓಡಿಸಿದೆ. ಅವನೇ ಬಾಯಿಬಿಟ್ಟು ಕೇಳಿದ, ನಾನು ಕೊಟ್ಟೆ. ರಿಜಿಕಿಗೆ ಟಾಂಗಾದ ಟೆಲಿಫೋನ್ ಬೋರ್ಡಿಗೆ ವರ್ಗವೂ ಆಗಿದೆ. ನಾವೆಲ್ಲ ಇದ್ರಿಸಾನ ಸಹಿಗೆ ಹೊಡೆದಾಡುತ್ತಿದ್ದಾಗ ಅವಳು ಸದ್ದಿಲ್ಲದೆ ತನ್ನ ವರ್ಗಾವಣೆಗೆ ಅರ್ಜಿ ಹಾಕಿಬಿಟ್ಟಿದ್ದಳು.

ನಿನ್ನೆ ಮೊದಲ ಪಂದ್ಯವಿತ್ತಲ್ಲ. ಮನೆಯಲ್ಲಿ ಒಬ್ಬನೇ ರೇಡಿಯೋ ಹಾಕಲು ಧೈರ್ಯ ಬರಲಿಲ್ಲ. ಕ್ಷೌರದಂಗಡಿಗೆ ಹೋದೆ, ಒಳಗೆ ಹೋಗಲೂ ಆಗದೆ ಹೊರಗೆ ನಿಂತೆ. ಒಮ್ಮೆಲೇ ಒಳಗಿದ್ದವರೆಲ್ಲ ಹೋ ಎಂದು ಕೂಗಿದರು. ಗೋಲು ಬಂದರೂ ಜನ ಹಾಗೇ ಕೂಗುತ್ತಾರೆ, ಆಟಗಾರ ಮುರಿದು ಬಿದ್ದರೂ ಹಾಗೇ ಕೂಗುತ್ತಾರೆ. ಕ್ಷೌರಿಕ ಕತ್ತರಿ ಹಿಡಿದು ಹೊರಗೆ ಬಂದು, "ಒಳ್ಳೇ ಮಾವ ಕಣಯ್ಯ ನೀನು! ಅಳಿಯ ಗೋಲು ಹೊಡೆದಿದಾನೆ, ಇಲ್ಲಿ ಗೋಡೆಗೆ ಅಂಟ್ಕೊಂಡಿದೀಯಲ್ಲೋ!" ಎಂದ. ಅಲ್ಲೇ ನೆಲದ ಮೇಲೇ ಕೂತುಬಿಟ್ಟೆ.

ಒಂದು ಉಪಕಾರ ಮಾಡು. ಇನ್ನು ಮೇಲೆ ಪ್ರತಿ ಪಂದ್ಯ ಮುಗಿದೊಡನೆ, ನೀನು ಕುಣಿಯುವ ಮೊದಲು ಅಥವಾ ಅಳುವ ಮೊದಲು, ನನಗೊಂದು ತಂತಿ ಕೊಡು. "ನಿಂತಿದ್ದಾನೆ" ಎಂಬ ಒಂದೇ ಪದ ಸಾಕು. ಸ್ಕೋರು ಅಂಚೆಯಲ್ಲಿ ಬರಲಿ, ಅವಸರವಿಲ್ಲ.

ಅತುಮಾನಿ


ತಂತಿ
ಟಾಂಗಾ, 18 ಸೆಪ್ಟೆಂಬರ್ 1989

ನಿಂತಿದ್ದಾನೆ. ಮೂರು ಸೊನ್ನೆ ಸೋತೆವು. ಗೋಲ್‌ಕೀಪರ್ ಬೇಕು. ಅಲ್ಲಿ ಯಾರಾದರೂ ಇದ್ದಾರೆಯೇ?
ಮ್ವಾಂಟುಮು